ಫೋಲ್ಡರ್ ಕಾಣೆಯಾದಾಗ: ಡವ್‌ಕಾಟ್ ಮೇಲ್ ಸರ್ವರ್‌ನಲ್ಲಿ ಕಮಾಂಡ್ ಲೈನ್‌ನಿಂದ ದೋಷ ಪತ್ತೆ

“ನನ್ನ ಫೋಲ್ಡರೇ ಮಾಯವಾಗಿದೆ” ಎಂಬ ದೂರು ಬಂದ ಕೂಡಲೇ ಡಿಸ್ಕ್‌ಗೆ ಕೈಹಾಕಬೇಡಿ. ಒಂದು ಮೇಲ್ ಫೋಲ್ಡರ್‌ನ ಲೆಕ್ಕ ನಾಲ್ಕು ಕಡೆ ಇರುತ್ತದೆ: ಡಿಸ್ಕ್‌ನಲ್ಲಿರುವ ಡೈರೆಕ್ಟರಿ, ಸರ್ವರ್ ಬರೆದಿಟ್ಟುಕೊಂಡ ಇಂಡೆಕ್ಸ್, ಖಾತೆಯ ಸಬ್‌ಸ್ಕ್ರಿಪ್ಷನ್ ಪಟ್ಟಿ (ತಮಗೆ ಕಾಣಬೇಕೆಂದು ಬಳಕೆದಾರರು ಆಯ್ದ ಫೋಲ್ಡರ್‌ಗಳು), ಬಳಕೆದಾರರ ಕಂಪ್ಯೂಟರ್ ಅಥವಾ ಫೋನಿನಲ್ಲಿರುವ ಕ್ಯಾಷ್, ಅಂದರೆ ತಾತ್ಕಾಲಿಕ ಪ್ರತಿ. ಈ ನಾಲ್ಕರಲ್ಲಿ ಯಾವುದೋ ಎರಡು ಒಂದಕ್ಕೊಂದು ತಾಳೆಯಾಗದಿದ್ದಾಗ ಫೋಲ್ಡರ್ “ಮಾಯ”ವಾಗುತ್ತದೆ. ಆ ಹೊತ್ತಿಗೆ ಪತ್ರಗಳು ಬಹುಪಾಲು ಇದ್ದಲ್ಲೇ ಇರುತ್ತವೆ. ನಿಜವಾದ ನಷ್ಟ ಆಗುವುದು ಆಮೇಲೆ, ಗಾಬರಿಯಲ್ಲಿ ಡೈರೆಕ್ಟರಿಗಳನ್ನು ಸರಿಸಿ ಅಳಿಸಿದಾಗ. ಹಾಗಾಗಿ ಇಲ್ಲಿನ ಪ್ರತಿ ಹೆಜ್ಜೆಯಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಯಾವ ಎರಡು ಲೆಕ್ಕಗಳ ನಡುವೆ ವ್ಯತ್ಯಾಸ ಬಂದಿದೆ?

ಇಲ್ಲಿ ಹೇಳಿರುವುದು ಲಿನಕ್ಸ್ ಮೇಲೆ ನಡೆಯುವ ಡವ್‌ಕಾಟ್ 2.3ಕ್ಕೆ, ಪತ್ರಗಳನ್ನು ಮೇಲ್‌ಡಿರ್ ರೂಪದಲ್ಲಿ (ಒಂದು ಪತ್ರಕ್ಕೆ ಒಂದು ಫೈಲ್) ಇಟ್ಟಿರುವ ಸರ್ವರ್‌ಗೆ. 2.4ರಲ್ಲಿ ಸಂರಚನೆಯ ಸಾಲುಗಳ ಹೆಸರು ಬಹಳಷ್ಟು ಬದಲಾಗಿವೆ, ಆದರೆ ಪತ್ತೆಯ ದಾರಿ ಇದೇ. ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಿ. “ಡವ್‌ಎಡಿಎಂ” ಎಂದರೆ ಡವ್ ಪದಕ್ಕೆ ಎ, ಡಿ, ಎಂ ಅಂಟಿಸಿದ್ದು; ಡವ್‌ಕಾಟ್‌ನ ನಿರ್ವಹಣೆಯ ಕಮಾಂಡ್ ಇದು. “ಖಾತೆ” ಎಂದಿರುವ ಕಡೆ ನಿಮ್ಮಲ್ಲಿನ ಬಳಕೆದಾರರ ಲಾಗಿನ್ ಹೆಸರು ಹಾಕಿಕೊಳ್ಳಿ.

ಕೈಹಾಕುವ ಮೊದಲು

ಮೊದಲು ಆ ಖಾತೆಯ ಒಂದು ಪ್ರತಿ ತೆಗೆದಿಡಿ.

ಡವ್‌ಎಡಿಎಂ ಬ್ಯಾಕಪ್ -ಯು ಖಾತೆ ಮೇಲ್‌ಡಿರ್:/ಬ್ಯಾಕಪ್/ಖಾತೆ

ಬರಿಯ ಸಿಪಿ ಅಥವಾ ಟಾರ್‌ಗಿಂತ ಇದು ಮೇಲು. ಪತ್ರಗಳ ಯುಐಡಿ ಸಂಖ್ಯೆ, ಓದಿದ ಗುರುತು, ಫೋಲ್ಡರ್ ಗುರುತು ಎಲ್ಲವೂ ಹಾಗೇ ಬರುತ್ತವೆ. ಎರಡು ಎಚ್ಚರ. ಈ ಕೆಲಸ ಆ ಖಾತೆಯ ಯುಐಡಿಯಲ್ಲೇ (ಇದು ಪತ್ರದ ಸಂಖ್ಯೆಯಲ್ಲ, ಲಿನಕ್ಸ್ ಬಳಕೆದಾರರ ಗುರುತು) ನಡೆಯುವುದರಿಂದ, ಹೆಚ್ಚಿನ ಸರ್ವರ್‌ಗಳಲ್ಲಿ ಅದು ವಿಮೇಲ್ ಆಗಿರುತ್ತದೆ, ಬ್ಯಾಕಪ್ ಡೈರೆಕ್ಟರಿಯಲ್ಲಿ ಬರೆಯುವ ಹಕ್ಕು ವಿಮೇಲ್‌ಗೆ ಇರಬೇಕು. ಇನ್ನೊಂದು, -ದೊಡ್ಡ ಆರ್ ಹಾಕಿದರೆ ದಿಕ್ಕು ತಿರುಗುತ್ತದೆ: ಬ್ಯಾಕಪ್‌ನಲ್ಲಿರುವುದು ಖಾತೆಯ ಮೇಲೆ ಬಂದು ಕೂರುತ್ತದೆ, ಬ್ಯಾಕಪ್‌ನಲ್ಲಿ ಇಲ್ಲದ್ದೆಲ್ಲ ಖಾತೆಯಿಂದ ಅಳಿದುಹೋಗುತ್ತದೆ. ಬ್ಯಾಕಪ್ ಡೈರೆಕ್ಟರಿ ಖಾಲಿ ಇದ್ದಾಗ ಆ ಅಕ್ಷರ ಹಾಕಿದರೆ ಖಾತೆ ಪೂರ್ತಿ ಖಾಲಿ.

ಆಮೇಲೆ ಖಾತೆಯ ಮನೆ ಎಲ್ಲಿದೆ ಎಂದು ಸರ್ವರ್‌ನನ್ನೇ ಕೇಳಿ.

ಡವ್‌ಎಡಿಎಂ ಯೂಸರ್ ಖಾತೆ

ಯುಐಡಿ, ಜಿಐಡಿ, ಹೋಮ್, ಮೇಲ್ ಎಂಬ ನಾಲ್ಕು ಸಾಲು ಬರುತ್ತವೆ. ಮೇಲ್ ಸಾಲಿನಲ್ಲಿ ತೋರಿಸಿದ ದಾರಿಯೇ ಸರ್ವರ್ ನೋಡುತ್ತಿರುವ ದಾರಿ, ನಿಮ್ಮ ನೆನಪಿನಲ್ಲಿರುವುದಲ್ಲ. ಬಳಕೆದಾರರು @ ಮತ್ತು ಡೊಮೈನ್ ಸೇರಿಸಿ ಲಾಗಿನ್ ಆಗುತ್ತಿದ್ದು, ನೀವು ಡೊಮೈನ್ ಬಿಟ್ಟು ಕಮಾಂಡ್ ಕೊಟ್ಟರೆ ಕೆಲವು ಸಂರಚನೆಗಳಲ್ಲಿ ಬೇರೆಯೇ ಹೋಮ್ ಸಿಗುತ್ತದೆ. ಅಲ್ಲಿ ಹೊಸ ಖಾಲಿ ಮೇಲ್‌ಡಿರ್ ಸದ್ದಿಲ್ಲದೆ ಹುಟ್ಟಿಕೊಂಡು, ಪಟ್ಟಿಯಲ್ಲಿ ಇನ್‌ಬಾಕ್ಸ್ ಒಂದೇ ಕಾಣಿಸುತ್ತದೆ. “ಎಲ್ಲ ಫೋಲ್ಡರ್ ಹೋಗಿಬಿಟ್ಟಿವೆ” ಎಂದು ಎದೆ ಧಸಕ್ ಎನ್ನಿಸುವ ಸಂದರ್ಭಗಳಲ್ಲಿ ಇದೂ ಒಂದು. ಪೂರ್ತಿ ಲಾಗಿನ್ ಹೆಸರು ಕೊಟ್ಟು ಇನ್ನೊಮ್ಮೆ ನೋಡಿ.

ಲಾಗ್ ಫೈಲ್ ಎಲ್ಲಿದೆ ಎಂದು ತಿಳಿಯಲು ಡವ್‌ಎಡಿಎಂ ಲಾಗ್ ಫೈಂಡ್. ಇತ್ತೀಚಿನ ಎಚ್ಚರಿಕೆ ಮತ್ತು ಎರರ್‌ಗಳನ್ನಷ್ಟೇ ನೋಡಲು ಡವ್‌ಎಡಿಎಂ ಲಾಗ್ ಎರರ್ಸ್. ಈ ಎರಡನೆಯದನ್ನು ಪ್ರತಿ ಪ್ರಯೋಗದ ನಂತರವೂ ಓಡಿಸುವ ಅಭ್ಯಾಸ ಮಾಡಿಕೊಳ್ಳಿ.

ಡವ್‌ಎಡಿಎಂ ಏನೂ ಹೇಳದೆ ಮುಗಿದರೆ ಅದರ ಎಕ್ಸಿಟ್ ಕೋಡ್ ನೋಡಿ. 67 ಎಂದರೆ ಅಂಥ ಬಳಕೆದಾರರಿಲ್ಲ, 68 ಎಂದರೆ ಅಂಥ ಫೋಲ್ಡರ್ ಇಲ್ಲ, 75 ಎಂದರೆ ತಾತ್ಕಾಲಿಕ ತೊಂದರೆ. 75 ಬಂದರೆ ಕಾರಣ ಲಾಗ್‌ನಲ್ಲಿ ಬಿದ್ದಿರುತ್ತದೆ.

ಲೆಕ್ಕ ತಾಳೆ ನೋಡುವುದು

ಮೂರು ಪಟ್ಟಿ ತೆಗೆಯಿರಿ.

ಡವ್‌ಎಡಿಎಂ ಮೇಲ್‌ಬಾಕ್ಸ್ ಲಿಸ್ಟ್ -ಯು ಖಾತೆ
ಡವ್‌ಎಡಿಎಂ ಮೇಲ್‌ಬಾಕ್ಸ್ ಲಿಸ್ಟ್ -ಎಸ್ -ಯು ಖಾತೆ
ಎಲ್‌ಎಸ್ -ಎ (ಮೇಲ್ ಸಾಲಿನಲ್ಲಿ ಕಂಡ ಡೈರೆಕ್ಟರಿಯಲ್ಲಿ)

ಮೊದಲನೆಯದು ಸರ್ವರ್‌ಗೆ ಗೊತ್ತಿರುವ ಫೋಲ್ಡರ್‌ಗಳು, ಎರಡನೆಯದು ಬಳಕೆದಾರರು ಸಬ್‌ಸ್ಕ್ರೈಬ್ ಆಗಿರುವವು, ಮೂರನೆಯದು ಡಿಸ್ಕ್‌ನಲ್ಲಿರುವವು. ಮೂರನೆಯದರಲ್ಲಿ -ಎ ಬಿಡಬೇಡಿ. ಮೇಲ್‌ಡಿರ್‌ನಲ್ಲಿ ಪ್ರತಿ ಫೋಲ್ಡರ್ ಚುಕ್ಕಿಯಿಂದ ಶುರುವಾಗುವ ಡೈರೆಕ್ಟರಿ. ಬರೀ ಎಲ್‌ಎಸ್ ಕೊಟ್ಟರೆ ಕರ್, ನ್ಯೂ, ಟಿಎಂಪಿ ಎಂಬ ಇನ್‌ಬಾಕ್ಸ್‌ನ ಮೂರು ಡೈರೆಕ್ಟರಿ ಮತ್ತು ಕೆಲವು ಫೈಲ್‌ಗಳಷ್ಟೇ ಕಾಣುತ್ತವೆ. ಡಿಸ್ಕ್‌ನಲ್ಲೂ ಏನಿಲ್ಲ ಎಂದುಕೊಂಡು ಬ್ಯಾಕಪ್‌ನಿಂದ ಹಳೆಯದನ್ನು ತಂದು ಸುರಿಯುವ ತಪ್ಪು ಶುರುವಾಗುವುದು ಇಲ್ಲಿಂದಲೇ.

ನಾಲ್ಕನೆಯ ಲೆಕ್ಕ, ಕ್ಲೈಂಟ್‌ನ (ಬಳಕೆದಾರರ ಮೇಲ್ ತಂತ್ರಾಂಶದ) ಕ್ಯಾಷ್, ಸರ್ವರ್‌ನಿಂದ ಕಾಣುವುದಿಲ್ಲ. ಅದರ ಬದಲು ಕ್ಲೈಂಟ್‌ಗೆ ಏನು ಕಾಣಬೇಕಿತ್ತೋ ಅದನ್ನು ನೀವೇ ಐಮ್ಯಾಪ್ (ಕ್ಲೈಂಟ್ ಮತ್ತು ಸರ್ವರ್ ನಡುವಿನ ಭಾಷೆ) ಮಾತಾಡಿ ನೋಡಬಹುದು. ಸರ್ವರ್ ಮೇಲೇ ಇದ್ದರೆ:

ಡವ್‌ಎಡಿಎಂ ಎಕ್ಸೆಕ್ ಐಮ್ಯಾಪ್ -ಯು ಖಾತೆ

ಪಾಸ್‌ವರ್ಡ್ ಕೇಳದೆ ನೇರ ಒಳಗೆ ಬಿಡುತ್ತದೆ. ಅಲ್ಲಿ ಎ1 ಲಿಸ್ಟ್ "" "*" ಎಂದೂ, ಎ2 ಎಲ್‌ಸಬ್ "" "*" ಎಂದೂ ಟೈಪಿಸಿ ಉತ್ತರ ಓದಿ. ಹೊರಗಿನಿಂದ ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್ ಬಳಸಿ 993ನೇ ಪೋರ್ಟ್‌ಗೆ ಹೋಗುವುದಾದರೆ -ಸಿಆರ್‌ಎಲ್‌ಎಫ್ ಮತ್ತು -ಕ್ವಯಟ್ ಎರಡನ್ನೂ ಕೊಡಿ. -ಕ್ವಯಟ್ ಇಲ್ಲದಿದ್ದರೆ ದೊಡ್ಡ ಕ್ಯೂ ಅಕ್ಷರದಿಂದ ಶುರುವಾದ ಸಾಲು ಸಂಪರ್ಕವನ್ನೇ ಮುಗಿಸಿಬಿಡುತ್ತದೆ, ದೊಡ್ಡ ಆರ್‌ನಿಂದ ಶುರುವಾದದ್ದು ಟಿಎಲ್‌ಎಸ್ ಒಪ್ಪಂದವನ್ನು ಮತ್ತೆ ಕೆದಕುತ್ತದೆ. ಸರ್ವರ್ ಕೆಟ್ಟಿದೆ ಎಂಬ ತಪ್ಪು ತೀರ್ಮಾನಕ್ಕೆ ಇಷ್ಟು ಸಾಕು.

ಸರ್ವರ್ ಪಟ್ಟಿಯಲ್ಲಿದೆ, ಕ್ಲೈಂಟ್‌ನಲ್ಲಿ ಇಲ್ಲ

ಮೊದಲ ಪಟ್ಟಿಯಲ್ಲಿದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ಸಬ್‌ಸ್ಕ್ರಿಪ್ಷನ್ ತಪ್ಪಿದೆ, ಅಷ್ಟೆ. ಕಮಾಂಡ್‌ನಿಂದ ಫೋಲ್ಡರ್ ಮಾಡುವಾಗ -ಎಸ್ ಬಿಟ್ಟಾಗ, ಬ್ಯಾಕಪ್‌ನಿಂದ ಡೈರೆಕ್ಟರಿಗಳನ್ನು ತಂದಿಟ್ಟಾಗ ಹೀಗಾಗುತ್ತದೆ.

ಡವ್‌ಎಡಿಎಂ ಮೇಲ್‌ಬಾಕ್ಸ್ ಸಬ್‌ಸ್ಕ್ರೈಬ್ -ಯು ಖಾತೆ 'ಫೋಲ್ಡರ್ ಹೆಸರು'

ಉಲ್ಟಾ ಕೂಡ ಆಗುತ್ತದೆ. ಫೋಲ್ಡರ್ ಅಳಿದಿದೆ, ಸಬ್‌ಸ್ಕ್ರಿಪ್ಷನ್ ಉಳಿದಿದೆ. ಕ್ಲೈಂಟ್ ಪ್ರತಿ ಸಲ “ಮೇಲ್‌ಬಾಕ್ಸ್ ಡಸಂಟ್ ಎಕ್ಸಿಸ್ಟ್” ಎಂದು ತಕರಾರು ತೆಗೆಯುತ್ತದೆ. ಅದಕ್ಕೆ ಅನ್‌ಸಬ್‌ಸ್ಕ್ರೈಬ್. ಸಬ್‌ಸ್ಕ್ರಿಪ್ಷನ್ಸ್ ಎಂಬ ಫೈಲ್ ಡಿಸ್ಕ್‌ನಲ್ಲಿ ಸಾದಾ ಅಕ್ಷರಗಳಲ್ಲೇ ಕಾಣುವುದರಿಂದ ಎಡಿಟರ್‌ನಲ್ಲಿ ತೆರೆದು ತಿದ್ದುವ ಆಸೆಯಾಗುತ್ತದೆ. ಬೇಡ. ಈಗಿನ ರೂಪದಲ್ಲಿ ಮೊದಲ ಸಾಲು ಆವೃತ್ತಿಯ ಗುರುತು, ಒಳಫೋಲ್ಡರ್‌ಗಳ ನಡುವೆ ಇರುವುದು ಚುಕ್ಕಿಯಲ್ಲ, ಟ್ಯಾಬ್. ಎಡಿಟರ್ ಟ್ಯಾಬನ್ನು ನಾಲ್ಕು ಖಾಲಿ ಜಾಗ ಮಾಡಿ ಉಳಿಸಿದರೆ ಒಳಫೋಲ್ಡರ್‌ಗಳ ಸಬ್‌ಸ್ಕ್ರಿಪ್ಷನ್ ಎಲ್ಲ ಹೋಯಿತು.

ಥಂಡರ್‌ಬರ್ಡ್‌ನಲ್ಲಿ ಬೂದು ಬಣ್ಣದಲ್ಲಿ ಕಂಡು, ತೆರೆಯಲೂ ಬಾರದೆ ಅಳಿಸಲೂ ಬಾರದೆ ಕಾಡುವ ಫೋಲ್ಡರ್ ಇದೆಯೇ? ಲಿಸ್ಟ್ ಉತ್ತರದಲ್ಲಿ ಅದರ ಮುಂದೆ \ನೋಸೆಲೆಕ್ಟ್ ಎಂದಿದೆಯೇ ನೋಡಿ. ಇದ್ದರೆ ಅದು ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ; ಅದರ ಮಕ್ಕಳಲ್ಲಿ (ಒಳಫೋಲ್ಡರ್‌ಗಳಲ್ಲಿ) ಒಂದು ಉಳಿದಿರುವುದರಿಂದ ತಾಯಿಯ ಹೆಸರೂ ತೋರುತ್ತಿದೆ. ಮಗುವನ್ನು ಬೇರೆ ಕಡೆಗೆ ರೀನೇಮ್ ಮಾಡಿದರೆ ತಾಯಿ ತಾನಾಗಿ ಹೋಗುತ್ತದೆ.

ಡಿಸ್ಕ್‌ನಲ್ಲಿದೆ, ಸರ್ವರ್ ಪಟ್ಟಿಯಲ್ಲಿಲ್ಲ. ಅಥವಾ ಪಟ್ಟಿಯಲ್ಲಿದ್ದರೂ ತೆರೆಯುವುದಿಲ್ಲ

ಬಹುಪಾಲು ಯಾರೋ ರೂಟ್ ಆಗಿ ಎಂಕೆಡಿರ್, ಸಿಪಿ ಅಥವಾ ಎಂವಿ ಮಾಡಿದ್ದಾರೆ. ಲಾಗ್‌ನಲ್ಲಿ “ಪರ್ಮಿಷನ್ ಡಿನೈಡ್” ಎಂದು ಸಿಗುತ್ತದೆ. ಡವ್‌ಕಾಟ್ ಇದರಲ್ಲಿ ಬಹಳ ಉಪಕಾರಿ: ಯಾವ ಯುಐಡಿಯಾಗಿ ತೆರೆಯಲು ಹೋಯಿತು, ಯಾವ ಡೈರೆಕ್ಟರಿಯಲ್ಲಿ ಯಾವ ಹಕ್ಕು ಕಡಿಮೆ ಬಿತ್ತು ಎಂಬುದನ್ನು ಅದೇ ಸಾಲಿನಲ್ಲಿ ಬರೆದಿರುತ್ತದೆ. “ಮಿಸ್ಸಿಂಗ್ +ಎಕ್ಸ್ ಪರ್ಮ್” ಎಂದಿದ್ದರೆ ಫೋಲ್ಡರ್‌ನದ್ದಲ್ಲ, ಅದರ ಮೇಲಿನ ಯಾವುದೋ ಡೈರೆಕ್ಟರಿಯ ತೊಂದರೆ ಇರಬಹುದು. ದಾರಿಯನ್ನು ಕೊನೆಯವರೆಗೂ ಓದಿ.

ಸರಿಪಡಿಸುವಾಗ ಇಡೀ ಮೇಲ್‌ಡಿರ್‌ಗೆ ಚೌನ್ -ಆರ್ (ಮಾಲೀಕತ್ವ ಬದಲಿಸುವ ಕಮಾಂಡ್) ಹೊಡೆಯಬೇಡಿ. ಮೇಲ್‌ಡಿರ್‌ನಲ್ಲಿ ಪತ್ರ ಯಾವಾಗ ಈ ಫೋಲ್ಡರ್‌ಗೆ ಬಂತು ಎಂಬ ದಿನಾಂಕ ಇಂಡೆಕ್ಸ್‌ನಲ್ಲಿ ಇಲ್ಲದಿದ್ದರೆ ಡವ್‌ಕಾಟ್ ಫೈಲ್‌ನ ಸಿಟೈಮ್ (ಫೈಲ್‌ನ ವಿವರ ಕೊನೆಯ ಸಲ ಬದಲಾದ ಹೊತ್ತು) ನೋಡುತ್ತದೆ. ಚೌನ್ ಮಾಡಿದ ಪ್ರತಿ ಫೈಲ್‌ನ ಸಿಟೈಮ್ ಇಂದಿಗೆ ಬದಲಾಗುತ್ತದೆ, ಮಾಲೀಕತ್ವ ಮೊದಲೇ ಸರಿಯಿದ್ದರೂ ಸಹ. ಆಗ ಟ್ರ್ಯಾಶ್‌ನಲ್ಲಿ 30 ದಿನ ದಾಟಿದ್ದನ್ನು ಅಳಿಸುವ ನಿಮ್ಮ ಕ್ರಾನ್ ಕೆಲಸ (ನಿಗದಿತ ಹೊತ್ತಿಗೆ ತಾನಾಗಿ ಓಡುವುದು) ಇನ್ನು 30 ದಿನ ಏನನ್ನೂ ಅಳಿಸುವುದಿಲ್ಲ, ಡಿಸ್ಕ್ ತುಂಬುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ತಪ್ಪು ಮಾಲೀಕತ್ವ ಇರುವವನ್ನಷ್ಟೇ ಹುಡುಕಿ ಬದಲಿಸಿ:

ಫೈಂಡ್ ಮೇಲ್‌ಡಿರ್ ! -ಯೂಸರ್ ವಿಮೇಲ್ -ಎಕ್ಸೆಕ್ ಚೌನ್ ವಿಮೇಲ್:ವಿಮೇಲ್ {} +

ಮೊದಲು -ಎಕ್ಸೆಕ್ ಭಾಗ ಬಿಟ್ಟು ಓಡಿಸಿ, ಎಷ್ಟು ಸಾಲು ಬರುತ್ತದೆ ನೋಡಿಕೊಳ್ಳಿ. ಎಸ್‌ಇಲಿನಕ್ಸ್ (ಲಿನಕ್ಸ್‌ನ ಹೆಚ್ಚುವರಿ ಭದ್ರತಾ ಪದರ) ಚಾಲೂ ಇರುವ ಸರ್ವರ್‌ನಲ್ಲಿ ಮಾಲೀಕತ್ವ ಸರಿಯಿದ್ದೂ ತೆರೆಯದಿದ್ದರೆ ರೀಸ್ಟೋರ್‌ಕಾನ್ -ಆರ್ ಕೊಟ್ಟು ಲೇಬಲ್ ಸರಿಪಡಿಸಿ. ಎಂವಿ ಮಾಡಿ ತಂದ ಫೈಲ್ ಹಳೆಯ ಜಾಗದ ಲೇಬಲ್ಲನ್ನೇ ಹೊತ್ತು ಬಂದಿರುತ್ತದೆ.

ಡೈರೆಕ್ಟರಿ ಹೆಸರಿನ ಮುಂದೆ ಚುಕ್ಕಿ ಇಲ್ಲದಿದ್ದರೂ ಸರ್ವರ್‌ಗೆ ಅದು ಕಾಣದು. ಇನ್ನೊಂದು ಎಡವಟ್ಟು ಎಂವಿ ಮಾಡಿ ತಾಯಿ ಫೋಲ್ಡರ್‌ನ ಹೆಸರು ಬದಲಿಸುವುದು. ಮೇಲ್‌ಡಿರ್‌ನಲ್ಲಿ ಒಳಫೋಲ್ಡರ್ ತಾಯಿಯ ಒಳಗೆ ಇರುವುದಿಲ್ಲ, ಪಕ್ಕದಲ್ಲಿ ಇರುತ್ತದೆ. “.ಆಫೀಸ್” ಒಂದು ಡೈರೆಕ್ಟರಿ, “.ಆಫೀಸ್.2023” ಅದರ ಪಕ್ಕದ ಇನ್ನೊಂದು. ಮೊದಲನೆಯದನ್ನಷ್ಟೇ ಎಂವಿ ಮಾಡಿದರೆ ಮಕ್ಕಳು ಹಳೆಯ ಹೆಸರಿನಲ್ಲೇ ಉಳಿದು ಮೇಲೆ ಹೇಳಿದ ಬೂದು ಬಣ್ಣದ ತಾಯಿ ಹುಟ್ಟಿಕೊಳ್ಳುತ್ತದೆ. ಡವ್‌ಎಡಿಎಂ ಮೇಲ್‌ಬಾಕ್ಸ್ ರೀನೇಮ್ -ಎಸ್ ಕೊಟ್ಟರೆ ಮಕ್ಕಳೂ ಸೇರಿ ಹೋಗುತ್ತಾರೆ, ತಾಯಿಯ ಸಬ್‌ಸ್ಕ್ರಿಪ್ಷನ್ ಕೂಡ.

ಕನ್ನಡ ಹೆಸರಿನ ಫೋಲ್ಡರ್‌ಗಳು

ಫೋಲ್ಡರ್‌ಗೆ ಕನ್ನಡದಲ್ಲೇ ಹೆಸರಿಡಬೇಕು, ಇಡಬಹುದು. ಸರ್ವರ್ ಅದನ್ನು ಪೂರ್ತಿ ನಿಭಾಯಿಸುತ್ತದೆ. ನಿರ್ವಾಹಕರು ಮಾತ್ರ ಕೆಲವು ಸಂಗತಿ ತಿಳಿದಿರಬೇಕು, ಇಲ್ಲವಾದರೆ ದೋಷ ಹುಡುಕುವಾಗ ದಾರಿ ತಪ್ಪುತ್ತದೆ.

ಐಮ್ಯಾಪ್‌ನ ಹಳೆಯ ನಿಯಮದಂತೆ ಇಂಗ್ಲಿಷ್ ಅಲ್ಲದ ಹೆಸರುಗಳನ್ನು ಬದಲಾಯಿಸಿದ ಯುಟಿಎಫ್-7ರಲ್ಲಿ ಬರೆಯಲಾಗುತ್ತದೆ. 2021ರ ಐಮ್ಯಾಪ್ ಎರಡನೇ ಪರಿಷ್ಕರಣೆ ಯುಟಿಎಫ್-8ಕ್ಕೆ ದಾರಿ ಮಾಡಿತು, ಆದರೆ ಡಿಸ್ಕ್‌ನಲ್ಲಿ ಡವ್‌ಕಾಟ್ ರೂಢಿಯಂತೆ ಇಡುವುದು ಹಳೆಯ ರೂಪವನ್ನೇ. “ಕಚೇರಿ” ಎಂಬ ಫೋಲ್ಡರ್ ಡಿಸ್ಕ್‌ನಲ್ಲಿ ಚುಕ್ಕಿ, ಆಮೇಲೆ & ಚಿಹ್ನೆ, ಅದರ ನಂತರ ಇಂಗ್ಲಿಷ್‌ನ ಡಿ, ಜೆ, ಯು, ಎಂ ಎಂದು ಶುರುವಾಗಿ ಅಡ್ಡಗೆರೆಯಲ್ಲಿ ಮುಗಿಯುತ್ತದೆ; & ಮತ್ತು ಅಡ್ಡಗೆರೆ ಸೇರಿ 16 ಅಕ್ಷರ. ಯೂನಿಕೋಡ್‌ನಲ್ಲಿ ಕನ್ನಡದ ಜಾಗ 0ಸಿ80ರಿಂದ 0ಸಿಎಫ್‌ಎಫ್ ವರೆಗೆ ಇರುವುದರಿಂದ, ಕನ್ನಡ ಅಕ್ಷರದಿಂದ ಶುರುವಾಗುವ ಯಾವ ಹೆಸರಾದರೂ & ನಂತರ ದೊಡ್ಡ ಡಿ ಅಕ್ಷರದಿಂದಲೇ ತೊಡಗುತ್ತದೆ, ಅದರ ಮುಂದಿನದು ದೊಡ್ಡ ಐಯಿಂದ ದೊಡ್ಡ ಪಿಯೊಳಗಿನ ಒಂದು ಅಕ್ಷರ. ತೆಲುಗೂ ಡಿಯಿಂದಲೇ ಶುರು, ಆದರೆ ಅದರ ಎರಡನೆಯ ಅಕ್ಷರ ಎಯಿಂದ ಎಚ್‌ನೊಳಗೆ. ಕಣ್ಣಿಗೆ ಇದು ಕಸದಂತೆ ಕಾಣುತ್ತದೆ. ಕಸವೆಂದು ಅಳಿಸಬೇಡಿ, ಅದು ಯಾರದೋ ಕಡತ. ಯಾವುದೆಂದು ತಿಳಿಯಲು:

ಡವ್‌ಎಡಿಎಂ ಮೇಲ್‌ಬಾಕ್ಸ್ ಎಂಯುಟಿಎಫ್7 -7 'ಡಿಸ್ಕ್‌ನಲ್ಲಿ ಕಂಡ ಹೆಸರು, ಮುಂದಿನ ಚುಕ್ಕಿ ಬಿಟ್ಟು'

ಇದು ಕನ್ನಡದ ಹೆಸರು ಕೊಡುತ್ತದೆ. -8 ಹಾಕಿ ಕನ್ನಡ ಹೆಸರು ಕೊಟ್ಟರೆ ಡಿಸ್ಕ್‌ನ ಹೆಸರು. ಪೂರ್ತಿ ಪಟ್ಟಿಯೇ ಡಿಸ್ಕ್‌ನ ರೂಪದಲ್ಲಿ ಬೇಕಿದ್ದರೆ ಮೇಲ್‌ಬಾಕ್ಸ್ ಲಿಸ್ಟ್‌ಗೆ -7 ಸೇರಿಸಿ.

ಮೇಲಿನ ಕಮಾಂಡ್‌ನಲ್ಲಿ ಒಂಟಿ ಉದ್ಧರಣ ಚಿಹ್ನೆ ಏಕೆ ಬೇಕೇಬೇಕು ಎಂಬುದನ್ನು ಸ್ವಲ್ಪ ನಿಂತು ನೋಡಿ. ಶೆಲ್‌ಗೆ & ಎಂದರೆ “ಇಲ್ಲಿಯವರೆಗಿನದನ್ನು ಹಿನ್ನೆಲೆಯಲ್ಲಿ ಓಡಿಸು” ಎಂದರ್ಥ. ಒಂದು ಫೋಲ್ಡರ್‌ನ ಹೆಸರಲ್ಲಿ ಬ್ಯಾಂಕ್ ಎಂಬ ಪದ ಇಂಗ್ಲಿಷ್ ಅಕ್ಷರಗಳಲ್ಲಿ, ಅದರ ಮುಂದೆ ಒಂದು ಖಾಲಿ ಜಾಗ ಬಿಟ್ಟು ಖಾತೆ ಎಂಬ ಪದ ಕನ್ನಡದಲ್ಲಿದೆ ಎಂದುಕೊಳ್ಳಿ. ಪಕ್ಕದಲ್ಲೇ ಬರೀ ಬ್ಯಾಂಕ್ ಎಂಬ ಇನ್ನೊಂದು ಫೋಲ್ಡರ್ ಇದೆ. ಮೊದಲನೆಯದನ್ನು ಅಳಿಸಲೆಂದು ಉದ್ಧರಣ ಚಿಹ್ನೆಯಿಲ್ಲದೆ ಆರ್‌ಎಂ -ಆರ್‌ಎಫ್ ಕೊಟ್ಟರೆ ಶೆಲ್ & ತನಕ ಓದಿ “.ಬ್ಯಾಂಕ್” ಅಳಿಸಲು ಹಿನ್ನೆಲೆಯಲ್ಲಿ ಹೊರಡುತ್ತದೆ. ಉಳಿದ ಅಕ್ಷರಗಳನ್ನು ಇನ್ನೊಂದು ಕಮಾಂಡ್ ಎಂದುಕೊಂಡು “ಕಮಾಂಡ್ ನಾಟ್ ಫೌಂಡ್” ಎನ್ನುತ್ತದೆ. ಹಿನ್ನೆಲೆ ಕೆಲಸದ ಒಂದು ಸಂಖ್ಯೆ ಬಿಟ್ಟರೆ ಪರದೆಯ ಮೇಲೆ ಕಣ್ಣಿಗೆ ಬೀಳುವುದು ಈ ಎರಡನೆಯ ಮಾತು. ಕಮಾಂಡ್ ಓಡಲೇ ಇಲ್ಲ ಎಂದು ನೀವು ನಂಬುತ್ತೀರಿ. ಅಷ್ಟರಲ್ಲಿ ಸಂಬಂಧವೇ ಇಲ್ಲದ ಫೋಲ್ಡರ್ ಹೋಗಿರುತ್ತದೆ.

ಒಂದೇ ಹೆಸರಿನ ಎರಡು ಫೋಲ್ಡರ್, ಒಂದರಲ್ಲಿ ಪತ್ರವಿದೆ, ಇನ್ನೊಂದು ಖಾಲಿ: ಇದು ಕನ್ನಡದವರಿಗೆ ವಿಶೇಷವಾಗಿ ಕಾಡುವ ದೋಷ. ಕಾರಣ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ, ಯೂನಿಕೋಡ್ 200ಸಿ. ಅರ್ಧಾಕ್ಷರ ಮುಂದಿನದಕ್ಕೆ ಒತ್ತಾಗಿ ಸೇರದಿರಲಿ ಎಂದು ಪದದ ನಡುವೆ ಇದನ್ನು ಹಾಕುತ್ತೇವೆ. ಕೆಲವು ಕೀಬೋರ್ಡ್‌ಗಳಲ್ಲಿ ಪದದ ಕೊನೆಯ ಅರ್ಧಾಕ್ಷರದ ನಂತರವೂ ಇದು ಸೇರಿಕೊಳ್ಳುತ್ತದೆ. “ಬ್ಯಾಂಕ್” ಎಂದು ಫೋನಿನಲ್ಲಿ ಒಮ್ಮೆ, ಕಂಪ್ಯೂಟರ್‌ನಲ್ಲಿ ಒಮ್ಮೆ ಟೈಪಿಸಿದಾಗ ಒಂದರ ಬಾಲದಲ್ಲಿ ಅದಿದೆ, ಇನ್ನೊಂದರಲ್ಲಿ ಇಲ್ಲ. ನೋಡಲು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಸರ್ವರ್‌ಗೆ ಎರಡೂ ಬೇರೆ ಬೇರೆ. ಯೂನಿಕೋಡ್‌ನ ಎನ್‌ಎಫ್‌ಸಿ ಸಾಮಾನ್ಯೀಕರಣವೂ ಇದನ್ನು ತೆಗೆಯುವುದಿಲ್ಲ. ಟರ್ಮಿನಲ್ ಅಂತೂ ಕನ್ನಡದ ಒತ್ತಕ್ಷರಗಳನ್ನು ಬಿಡಿಬಿಡಿಯಾಗಿ ತೋರಿಸುವುದರಿಂದ ಕಣ್ಣನ್ನು ನಂಬುವ ಹಾಗೇ ಇಲ್ಲ. ಬೈಟ್ ಎಣಿಸಿ (ಇಲ್ಲಿ “ಬ್ಯಾಂಕ್” ಪದವನ್ನು ಮಾತ್ರ ಕನ್ನಡದಲ್ಲೇ ಟೈಪಿಸಿ):

ಡವ್‌ಎಡಿಎಂ ಮೇಲ್‌ಬಾಕ್ಸ್ ಲಿಸ್ಟ್ -ಯು ಖಾತೆ | ಗ್ರೆಪ್ ಬ್ಯಾಂಕ್ | ಎಕ್ಸ್‌ಎಕ್ಸ್‌ಡಿ

ಕನ್ನಡದ ಪ್ರತಿ ಸಂಕೇತ ಮೂರು ಬೈಟ್, ಇ0 ಬಿ2 ಅಥವಾ ಇ0 ಬಿ3 ಎಂದು ಶುರುವಾಗುತ್ತದೆ. “ಬ್ಯಾಂಕ್” ಪದದಲ್ಲಿ ಬ, ಹಲಂತ ಚಿಹ್ನೆ, ಯ, ಆಕಾರ, ಸೊನ್ನೆ, ಕ, ಮತ್ತೆ ಹಲಂತ ಚಿಹ್ನೆ ಸೇರಿ ಏಳು ಸಂಕೇತ, 21 ಬೈಟ್. ಇನ್ನೊಂದು 24 ಬೈಟ್ ಇದ್ದು ಕೊನೆಗೆ ಇ2 80 8ಸಿ ಕಂಡರೆ ಕಳ್ಳ ಸಿಕ್ಕಂತೆ.

ಪತ್ರಗಳನ್ನು ಒಂದುಗೂಡಿಸುವಾಗ ಹೆಸರಿನ ಗೊಡವೆ ಬಿಡಿ, ಜಿಯುಐಡಿ (ಪ್ರತಿ ಫೋಲ್ಡರ್‌ಗೂ ಸರ್ವರ್ ಕೊಟ್ಟ ಗುರುತು) ಹಿಡಿಯಿರಿ.

ಡವ್‌ಎಡಿಎಂ ಮೇಲ್‌ಬಾಕ್ಸ್ ಸ್ಟೇಟಸ್ -ಯು ಖಾತೆ "ಮೆಸೇಜಸ್ ಜಿಯುಐಡಿ" '*'

ಪ್ರತಿ ಫೋಲ್ಡರ್‌ನ ಪತ್ರಗಳ ಸಂಖ್ಯೆ ಮತ್ತು 32 ಅಂಕಿ-ಅಕ್ಷರಗಳ ಗುರುತು ಸಿಗುತ್ತದೆ. ಬಾಲವಿರುವ ಫೋಲ್ಡರ್‌ನಿಂದ ಉಳಿಸಿಕೊಳ್ಳುವ ಫೋಲ್ಡರ್‌ಗೆ ಪತ್ರಗಳನ್ನು ಸರಿಸಿ:

ಡವ್‌ಎಡಿಎಂ ಮೂವ್ -ಯು ಖಾತೆ 'ಬ್ಯಾಂಕ್' ಮೇಲ್‌ಬಾಕ್ಸ್-ಜಿಯುಐಡಿ (ಬಾಲವಿರುವ ಫೋಲ್ಡರ್‌ನ ಆ 32 ಅಕ್ಷರ) ಆಲ್

ಖಾಲಿಯಾದದ್ದನ್ನು ಅಳಿಸಲು ಬ್ಯಾಷ್‌ನಲ್ಲಿ ಡಾಲರ್ ಚಿಹ್ನೆ, ಕೂಡಲೇ ಒಂಟಿ ಉದ್ಧರಣ ಚಿಹ್ನೆ, ಒಳಗೆ ಹೆಸರು, ಅದರ ಬಾಲಕ್ಕೆ ಬ್ಯಾಕ್‌ಸ್ಲ್ಯಾಷ್ ಯು 200ಸಿ ಬರೆಯಿರಿ. ಮೇಲ್‌ಬಾಕ್ಸ್ ಡಿಲೀಟ್‌ಗೆ -ಎಸ್ ಜೊತೆ -ಇ ಕೂಡ ಕೊಡಿ; ಪತ್ರ ಉಳಿದಿದ್ದರೆ ಅದು ಅಳಿಸಲು ಒಪ್ಪುವುದಿಲ್ಲ. ಇಂಥ ಜೋಡಿ ಹೆಸರುಗಳಿರುವಾಗ -ಇ ಇಲ್ಲದೆ ಡಿಲೀಟ್ ಕೊಡುವುದು ಕಣ್ಣುಮುಚ್ಚಿ ಕತ್ತಿ ಬೀಸಿದಂತೆ.

ಹೆಸರಿನ ಉದ್ದದ ಮಿತಿಯನ್ನೂ ನೋಡಿಕೊಳ್ಳಿ. ಎಕ್ಸ್‌ಟಿ4ರಲ್ಲಿ ಒಂದು ಡೈರೆಕ್ಟರಿ ಹೆಸರು 255 ಬೈಟ್ ಮೀರುವಂತಿಲ್ಲ, ಮೇಲ್‌ಡಿರ್‌ನಲ್ಲಿ ತಾಯಿ, ಮಗು, ಮೊಮ್ಮಗು ಎಲ್ಲ ಸೇರಿ ಒಂದೇ ಹೆಸರು. ಈ ರೂಪದಲ್ಲಿ ಮೂರು ಕನ್ನಡ ಸಂಕೇತಕ್ಕೆ ಎಂಟು ಬೈಟ್ ಬೇಕು. ತಲಾ 35 ಸಂಕೇತಗಳ ಮೂರು ಹಂತ ಮಾಡಿದರೆ ಪ್ರತಿ ಹಂತಕ್ಕೆ ಚುಕ್ಕಿ ಸೇರಿ 97 ಬೈಟ್, ಒಟ್ಟು 291. “ಫೈಲ್ ನೇಮ್ ಟೂ ಲಾಂಗ್” ಎಂದು ಸರ್ವರ್ ನಿರಾಕರಿಸುತ್ತದೆ. ಗುಣಿತ, ಒತ್ತು ಒಂದೊಂದೂ ಪ್ರತ್ಯೇಕ ಸಂಕೇತವಾದ್ದರಿಂದ 35 ಎಂಬುದು ಕಣ್ಣಿಗೆ ಕಾಣುವ ಹದಿನೆಂಟಿಪ್ಪತ್ತು ಅಕ್ಷರ ಮಾತ್ರ. ಹಂತಗಳನ್ನು ಕಡಿಮೆ ಮಾಡುವುದೇ ಪರಿಹಾರ.

ಚುಕ್ಕಿ ಮತ್ತು ಮುಂಪದ

ತಾಯಿ, ಮಗು ಫೋಲ್ಡರ್‌ಗಳ ಹೆಸರನ್ನು ಬೇರ್ಪಡಿಸುವ ಚಿಹ್ನೆ ಚುಕ್ಕಿಯಾಗಿರುವ ಸರ್ವರ್‌ನಲ್ಲಿ “ಜಿ.ಎಸ್.ಟಿ” ಎಂದು ಫೋಲ್ಡರ್ ಮಾಡಿದರೆ ಜಿ ಒಳಗೆ ಎಸ್, ಎಸ್ ಒಳಗೆ ಟಿ ಎಂದು ಮೂರು ಹಂತ ಆಗುತ್ತದೆ. ಚಿಹ್ನೆ ಓರೆಗೆರೆಯಾಗಿದ್ದು ಡಿಸ್ಕ್‌ನಲ್ಲಿ ಮೇಲ್‌ಡಿರ್ ರೂಢಿಯೇ ಇದ್ದರೆ “ಕ್ಯಾರೆಕ್ಟರ್ ನಾಟ್ ಅಲೌಡ್ ಇನ್ ಮೇಲ್‌ಬಾಕ್ಸ್ ನೇಮ್” ಎಂಬ ಎರರ್. ಹೆಸರಿನಲ್ಲಿ ಚುಕ್ಕಿ ಬೇಕೇ ಬೇಕು ಎನ್ನುವವರಿಗೆ ಲಿಸ್ಟ್‌ಎಸ್ಕೇಪ್ ಪ್ಲಗಿನ್ ಇದೆ. “ಜಿಎಸ್‌ಟಿ” ಎಂದು ಬರೆಯುವುದು ಇನ್ನೂ ಸುಲಭ. ನಿಮ್ಮಲ್ಲಿ ಯಾವ ಚಿಹ್ನೆ ಎಂದು ತಿಳಿಯಲು ಡವ್‌ಕಾನ್ಫ್ -ಎನ್ ಕೊಟ್ಟು ನೇಮ್‌ಸ್ಪೇಸ್ ಭಾಗದ ಸೆಪರೇಟರ್ ಸಾಲು ನೋಡಿ.

ಅದೇ ಭಾಗದಲ್ಲಿ ಪ್ರಿಫಿಕ್ಸ್ ಸಾಲೂ ಇರುತ್ತದೆ. ಅಲ್ಲಿ “ಇನ್‌ಬಾಕ್ಸ್.” ಎಂದಿದ್ದರೆ ಇನ್‌ಬಾಕ್ಸ್ ಬಿಟ್ಟು ಉಳಿದೆಲ್ಲ ಫೋಲ್ಡರ್‌ಗಳ ಹೆಸರು ಆ ಮುಂಪದದಿಂದಲೇ ಶುರುವಾಗಬೇಕು. ಮರೆತರೆ “ಕ್ಲೈಂಟ್ ಟ್ರೈಡ್ ಟು ಆಕ್ಸೆಸ್ ನಾನ್‌ಎಕ್ಸಿಸ್ಟೆಂಟ್ ನೇಮ್‌ಸ್ಪೇಸ್” ಎನ್ನುತ್ತದೆ, ಯಾವ ಮುಂಪದ ಬೇಕೆಂದೂ ಅಲ್ಲೇ ಹೇಳುತ್ತದೆ. ಕೋರಿಯರ್ ಎಂಬ ಬೇರೊಂದು ಮೇಲ್ ಸರ್ವರ್‌ನಿಂದ ಬಂದ ಹಳೆಯ ಖಾತೆಗಳಲ್ಲಿ ಇದು ಸಾಮಾನ್ಯ. ಡಿಸ್ಕ್‌ನ ಹೆಸರಿನಲ್ಲಿ ಮಾತ್ರ ಈ ಮುಂಪದ ಇರುವುದಿಲ್ಲ, ಗೊಂದಲ ಹುಟ್ಟುವುದು ಅದರಿಂದಲೇ.

ಕಳುಹಿಸಿದ ಪತ್ರಗಳಿಗೆ “ಸೆಂಟ್”, “ಸೆಂಟ್ ಮೆಸೇಜಸ್” ಎಂದು ಎರಡು ಫೋಲ್ಡರ್ ಆಗಿದ್ದರೆ ಬೇರೆ ಬೇರೆ ಕ್ಲೈಂಟ್‌ಗಳ ಕೆಲಸ. ಡವ್‌ಕಾಟ್‌ನ 15-ಮೇಲ್‌ಬಾಕ್ಸಸ್ ಸಂರಚನೆಯ ಮಾದರಿಯಲ್ಲೇ ಈ ಎರಡಕ್ಕೂ ಸೆಂಟ್ ಎಂಬ ವಿಶೇಷ ಗುರುತು ಇದೆ. ಒಂದಕ್ಕೆ ಮಾತ್ರ ಗುರುತು ಉಳಿಸಿ, ಆಟೋ = ಸಬ್‌ಸ್ಕ್ರೈಬ್ ಹಾಕಿ, ಇನ್ನೊಂದರ ಪತ್ರಗಳನ್ನು ಸರಿಸಿ. ಆಟೋ ಸಾಲಿರುವ ಫೋಲ್ಡರನ್ನು ಎಷ್ಟು ಸಲ ಅಳಿಸಿದರೂ ಮತ್ತೆ ಬರುತ್ತದೆ, ಅದು ದೋಷವಲ್ಲ.

ಫೋಲ್ಡರ್ ಇದೆ, ಪತ್ರ ತೆರೆಯುವುದಿಲ್ಲ

ಮೊದಲ ಮದ್ದು:

ಡವ್‌ಎಡಿಎಂ ಫೋರ್ಸ್-ರೀಸಿಂಕ್ -ಯು ಖಾತೆ 'ಫೋಲ್ಡರ್ ಹೆಸರು'

ಡಿಸ್ಕ್ ನೋಡಿ ಇಂಡೆಕ್ಸನ್ನು ಮತ್ತೆ ಕಟ್ಟುತ್ತದೆ. ಇದರ ಬದಲು ಇಂಡೆಕ್ಸ್ ಫೈಲ್‌ಗಳನ್ನೇ ಅಳಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಮೇಲ್‌ಡಿರ್‌ನಲ್ಲಿ ಡವ್‌ಕಾಟ್.ಇಂಡೆಕ್ಸ್ ಎಂದು ಶುರುವಾಗುವವು ಹೋದರೆ ಮತ್ತೆ ಹುಟ್ಟುತ್ತವೆ, ನಿಜ. ಆದರೆ ಡವ್‌ಕಾಟ್-ಯುಐಡಿಲಿಸ್ಟ್ ಮುಟ್ಟಬೇಡಿ. ಪತ್ರಗಳ ಯುಐಡಿ ಇರುವುದು ಅಲ್ಲಿ. ಅದು ಹೋದರೆ ಕ್ಲೈಂಟ್‌ಗಳೆಲ್ಲ ಆ ಫೋಲ್ಡರ್ ಹೊಸದೆಂದು ತಿಳಿದು ಎಲ್ಲ ಪತ್ರಗಳನ್ನೂ ಮತ್ತೆ ಇಳಿಸಿಕೊಳ್ಳುತ್ತವೆ. ಎಂಡಿಬಾಕ್ಸ್ ಅಥವಾ ಎಸ್‌ಡಿಬಾಕ್ಸ್ ರೂಪ ಬಳಸುವವರಂತೂ ಆ ಸಲಹೆಯನ್ನು ಕೇಳಲೇಬಾರದು. ಅಲ್ಲಿ ಓದಿದ ಗುರುತು ಮೊದಲಾದವು ಇಂಡೆಕ್ಸ್‌ನಲ್ಲಿ ಮಾತ್ರ ಇರುತ್ತವೆ.

ಲಾಗ್‌ನಲ್ಲಿ “ಕ್ಯಾಷ್ಡ್ ಮೆಸೇಜ್ ಸೈಜ್ ಸ್ಮಾಲರ್ ದ್ಯಾನ್ ಎಕ್ಸ್‌ಪೆಕ್ಟೆಡ್” ಎಂದು ಬಂದರೆ ಯಾರೋ ಪತ್ರದ ಫೈಲ್ ತೆರೆದು ತಿದ್ದಿರಬಹುದು. ಮೇಲ್‌ಡಿರ್ ಫೈಲ್ ಹೆಸರಿನಲ್ಲಿ ಅಲ್ಪವಿರಾಮದ ನಂತರ ಎಸ್= ಎಂದು ಗಾತ್ರ ಬರೆದಿರುತ್ತದೆ, ಒಳಗಿನದು ಬದಲಾದರೂ ಹೆಸರು ಹಳೆಯ ಗಾತ್ರವನ್ನೇ ಹೇಳುತ್ತಿರುತ್ತದೆ. ಡವ್‌ಕಾಟ್ ಗಮನಿಸಿದಾಗ ತಾನೇ ಹೆಸರು ಬದಲಿಸಿ ಲಾಗ್‌ನಲ್ಲಿ ಬರೆಯುತ್ತದೆ. ಇನ್ನೊಮ್ಮೆ ತೆರೆದು ನೋಡಿ. “ಎಕ್ಸ್‌ಪಂಜ್ಡ್ ಮೆಸೇಜ್ ರೀಅಪಿಯರ್ಡ್” ಎಂದಿದ್ದರೆ ಬ್ಯಾಕಪ್‌ನಿಂದ ಹಳೆಯ ಫೈಲ್‌ಗಳನ್ನು ನೇರ ಸುರಿದ ಗುರುತು. ಅವಕ್ಕೆ ಹೊಸ ಯುಐಡಿ ಸಿಕ್ಕು ಕ್ಲೈಂಟ್‌ನಲ್ಲಿ ಹೊಸ ಪತ್ರಗಳಂತೆ ಬರುತ್ತವೆ, ಪತ್ರ ಹೋಗಿಲ್ಲ.

“ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್” ಎಂದು ಬಂದು ಡಿಎಫ್ -ಎಚ್ ಜಾಗವಿದೆ ಎಂದರೆ ಡಿಎಫ್ -ಐ ಕೊಡಿ. ಒಂದು ಪತ್ರಕ್ಕೆ ಒಂದು ಫೈಲ್ ಆದ್ದರಿಂದ ಐನೋಡ್‌ಗಳು (ಪ್ರತಿ ಫೈಲ್‌ಗೂ ಡಿಸ್ಕ್‌ನಲ್ಲಿ ಬೇಕಾಗುವ ದಾಖಲೆ) ಮುಗಿದಿರುತ್ತವೆ. ಕೋಟಾ ಸಂಖ್ಯೆ ತಪ್ಪಾಗಿ ತೋರಿದರೆ ಡವ್‌ಎಡಿಎಂ ಕೋಟಾ ರೀಕ್ಯಾಲ್ಕ್ -ಯು ಖಾತೆ.

ಸರಿಸುವಾಗ, ಅಳಿಸುವಾಗ

ಮೂವ್ ಕಮಾಂಡ್‌ನಲ್ಲಿ ಮೊದಲು ಬರುವುದು ತಲುಪಬೇಕಾದ ಫೋಲ್ಡರ್, ಆಮೇಲೆ ಯಾವ ಪತ್ರ ಎಂಬ ಷರತ್ತು. ಷರತ್ತಿನಲ್ಲಿ ಮೇಲ್‌ಬಾಕ್ಸ್ ಪದ ಮರೆತರೆ ಹುಡುಕಾಟ ಖಾತೆಯ ಎಲ್ಲ ಫೋಲ್ಡರ್‌ಗಳಿಗೂ ಹಬ್ಬುತ್ತದೆ. 2023ಕ್ಕಿಂತ ಹಿಂದಿನ ಇನ್‌ಬಾಕ್ಸ್ ಪತ್ರಗಳನ್ನು ಆರ್ಕೈವ್‌ಗೆ ಕಳಿಸಹೋಗಿ, ವರ್ಷಗಳಿಂದ ಜೋಡಿಸಿಟ್ಟ ಫೋಲ್ಡರ್‌ಗಳೆಲ್ಲ ಅಲ್ಲಿ ಕಲೆಸಿಹೋಗುವುದು ಹೀಗೆ. ಆ ಗೋಜಲನ್ನು ಬಿಡಿಸುವ ಕಮಾಂಡ್ ಇಲ್ಲ, ಬ್ಯಾಕಪ್ ಒಂದೇ ಗತಿ. ಆದ್ದರಿಂದ ಮೊದಲು ಅದೇ ಷರತ್ತನ್ನು ಸರ್ಚ್‌ಗೆ ಕೊಟ್ಟು ಎಣಿಸಿ:

ಡವ್‌ಎಡಿಎಂ ಸರ್ಚ್ -ಯು ಖಾತೆ ಮೇಲ್‌ಬಾಕ್ಸ್ ಇನ್‌ಬಾಕ್ಸ್ ಬಿಫೋರ್ 2023-01-01 | ಡಬ್ಲ್ಯೂಸಿ -ಎಲ್

ಸಂಖ್ಯೆ ನಿಮ್ಮ ಅಂದಾಜಿಗೆ ಹೊಂದಿದರೆ ಮೇಲಿನ ಬಾಣ ಒತ್ತಿ, ಕೊಳವೆ ಗೆರೆಯ ನಂತರದ ಭಾಗ ತೆಗೆದು, ಸರ್ಚ್ ಇದ್ದ ಕಡೆ ಮೂವ್ ಹಾಕಿ, ಖಾತೆಯ ನಂತರ ತಲುಪಬೇಕಾದ ಫೋಲ್ಡರ್ ಸೇರಿಸಿ. ಷರತ್ತನ್ನು ಮತ್ತೆ ಕೈಯಿಂದ ಟೈಪಿಸಬೇಡಿ.

ಟ್ರ್ಯಾಶ್ ಚೊಕ್ಕಟ ಮಾಡುವ ಕ್ರಾನ್ ಕೆಲಸದಲ್ಲಿ ಬಿಫೋರ್ ಬಳಸಿದ್ದರೆ ಈಗಲೇ ತೆಗೆಯಿರಿ. ಬಿಫೋರ್ ನೋಡುವುದು ಪತ್ರ ಸರ್ವರ್‌ಗೆ ಬಂದ ದಿನ, ಟ್ರ್ಯಾಶ್‌ಗೆ ಬಿದ್ದ ದಿನವಲ್ಲ. ಬಳಕೆದಾರರು ಎರಡು ವರ್ಷದ ಹಿಂದಿನ ಪತ್ರವನ್ನು ಇಂದು ಸಂಜೆ ಕೈತಪ್ಪಿ ಟ್ರ್ಯಾಶ್‌ಗೆ ಹಾಕಿದರೆ, ಇಂದು ರಾತ್ರಿಯೇ ಅದು ಶಾಶ್ವತವಾಗಿ ಹೋಗುತ್ತದೆ. ಬೇಕಾದದ್ದು ಸೇವ್ಡ್‌ಬಿಫೋರ್:

ಡವ್‌ಎಡಿಎಂ ಎಕ್ಸ್‌ಪಂಜ್ -ಯು ಖಾತೆ ಮೇಲ್‌ಬಾಕ್ಸ್ ಟ್ರ್ಯಾಶ್ ಸೇವ್ಡ್‌ಬಿಫೋರ್ 30ಡಿ

ಸರ್ವರ್‌ನ ಮೂರೂ ಲೆಕ್ಕ ತಾಳೆಯಾಗಿ, ಐಮ್ಯಾಪ್ ಮಾತಾಡಿದಾಗಲೂ ಎಲ್ಲ ಸರಿಯಿದ್ದು, ಬಳಕೆದಾರರಿಗೆ ಮಾತ್ರ ಕಾಣದಿದ್ದರೆ ಉಳಿದದ್ದು ಕ್ಲೈಂಟ್‌ನ ಕ್ಯಾಷ್. ಥಂಡರ್‌ಬರ್ಡ್‌ನಲ್ಲಿ ಫೋಲ್ಡರ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ನಲ್ಲಿ ರಿಪೇರ್ ಫೋಲ್ಡರ್ ಕೊಡಿ. ಫೋನಿನಲ್ಲಿ ಖಾತೆ ತೆಗೆದು ಮತ್ತೆ ಸೇರಿಸಬೇಕಾದೀತು. ಅದಕ್ಕೆ ಮೊದಲು ಇನ್ನೂ ಕಳುಹಿಸದ ಕರಡು ಪತ್ರಗಳು ಫೋನಿನಲ್ಲೇ ಉಳಿದಿವೆಯೇ ಎಂದು ಬಳಕೆದಾರರನ್ನು ಕೇಳಿ. ಅವು ಸರ್ವರ್‌ಗೆ ಬಂದಿರದಿದ್ದರೆ ನೀವು ತೆಗೆದಿಟ್ಟ ಬ್ಯಾಕಪ್‌ನಲ್ಲೂ ಇರುವುದಿಲ್ಲ.